ಮೊಳದುದ್ದ ದಾರ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ, ಮಹಡಿಯ ಮೇಲೆ,
ಇಪ್ಪತ್ತೆಂಟು ವರ್ಷದಿಂದ ಊರಿನ ಸೊಂಟ ಅಳೆದವನು ನಾನು.
ಯಾರ ಹೊಟ್ಟೆ ಯಾವ ವರ್ಷ ಎಷ್ಟು ಬೆಳೆಯಿತು
ನನ್ನ ಅಳತೆ ಪುಸ್ತಕಕ್ಕೆ ಗೊತ್ತು; ಪುಣ್ಯಕ್ಕೆ ಬಾಯಿಲ್ಲ ಅದಕ್ಕೆ.
ಮೇದಪ್ಪನವರ ಕುಪ್ಯ ಮೂರು ಸಲ ಬಿಚ್ಚಿ ಹಿಗ್ಗಿಸಿದ್ದೇನೆ.
"ಈ ಸಲ ಬಿಗಿಯಾಗಿಯೇ ಇಡಿ ಟೈಲರೆ,
ಜನವರಿಯಿಂದ ಇಳಿಸುತ್ತೇನೆ" ಅಂದರು.
ಒಳಗೆ ಎರಡಿಂಚು ಬಟ್ಟೆ ಮಡಚಿಟ್ಟೆ. ಹೇಳಲಿಲ್ಲ.

ನನ್ನ ಅಳತೆ ಮಾತ್ರ ಆ ಪುಸ್ತಕದಲ್ಲಿರಲಿಲ್ಲ.

ಹುತ್ತರಿ ಕಳೆದ ವಾರ ರಕ್ತದಲ್ಲಿ ಸಕ್ಕರೆ ಕಾಣಿಸಿತು.
ಸಿಸ್ಟರ್ ಚೋಂದವ್ವ ಚೀಟಿ ನೋಡಿ, ಕನ್ನಡಕದ ಮೇಲಿಂದ ನನ್ನ ನೋಡಿ,
"ದಿನಾ ಕಾಲಾಡಿಸಬೇಕು" ಅಂದಳು.
"ಮಿಷನ್ ತುಳಿಯುತ್ತೇನಲ್ಲ ತಾಯಿ."
"ಮೋಟರ್ ಹಾಕಿಸಿ ಎಷ್ಟು ವರ್ಷವಾಯ್ತು?"

ಒಂದನೇ ತಾರೀಕು. ಹೊಸ ಬೂಟು, ಹೊಸ ಉಲ್ಲನ್ ಟೋಪಿ,
ಮಂಜು ಮುಖಕ್ಕೆ ಒದ್ದೆ ಬಟ್ಟೆಯ ಹಾಗೆ.
ಮಲೆತಿರಿಕೆ ಬೆಟ್ಟದ ತುದಿಗೆ ಒಂದೇ ಉಸಿರಿಗೆ ಎಂಬ ಹಟ.
ಹತ್ತಿದೆ. ನಿಜ, ಹತ್ತಿದೆ. ಮೇಲಿಂದ ಹೆಂಚಿನ ಮಾಡುಗಳು
ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹಾಗೆ ಕಂಡವು.
ನಾಲ್ಕನೇ ದಿನ ಮಂಡಿ ಊದಿ ಹಲಸಾಯಿತು.
ಬೂಟು ಮಂಚದ ಕೆಳಗೆ ಹೋಯಿತು;
ಹೋದ ವರ್ಷದ ಸ್ಕಿಪ್ಪಿಂಗ್ ಹಗ್ಗ, ಅದರ ಹಿಂದಿನ ವರ್ಷದ ಡಂಬೆಲ್ಲು
ಪರಿಚಯದವರಂತೆ ಸರಿದು ಜಾಗ ಕೊಟ್ಟವು.

ಕಾಜಾ ಗುಂಡಿಗೆ ಬರುವ ಹುಡುಗಿ ರಂಸೀನ
ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ
ಎರಡು ಮಾರು ದಾರ ಎಳೆದುಕೊಂಡು ಕೂತಿದ್ದಳು. ಗಂಟೋ ಗಂಟು.
"ಎಷ್ಟು ಸಲ ಹೇಳಲಿ? ಮೊಳದುದ್ದ ಸಾಕು.
ಮುಗಿದರೆ ಮತ್ತೆ ಪೋಣಿಸು!"
ಬೈದು ಸುಮ್ಮನಾದೆ. ಬಹಳ ಹೊತ್ತು ಸುಮ್ಮನಾದೆ.
ಬೈಗುಳ ಇನ್ನೂ ಬಾಕಿಯಿದೆಯೆಂದು ಪಾಪ, ಅವಳು ಕಾದಳು.

ಊತ ಇಳಿದ ಮೇಲೆ ಮೊದಲನೇ ತಿರುವಿನವರೆಗೆ. ಅಷ್ಟೇ.
ಬೂಟೂ ಇಲ್ಲ, ಹಳೇ ಚಪ್ಪಲಿ.
ವಾಪಸು ಬಂದಾಗ ಒಲೆ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ.
"ಏನು ಮರೆತು ಬಂದಿರಿ?" ಅಂದಳು ಹೆಂಡತಿ.
ಮರುದಿನವೂ ಅಷ್ಟೇ. ಅದರ ಮರುದಿನವೂ.
ಬಾಗಿಲ ಹಿಂದೆ, ಬಟ್ಟೆಗೆ ಗುರುತು ಹಾಕುವ ಸುಣ್ಣದಲ್ಲಿ, ದಿನಕ್ಕೊಂದು ಗೀಟು.

ಶಿವರಾತ್ರಿಗೆ ಎರಡನೇ ತಿರುವು.
ಕಾಫಿ ಹೂ ಬಿಟ್ಟ ಬೆಳಗ್ಗೆ, ತೋಟವೆಲ್ಲ ಬೆಳ್ಳಗೆ ಜೇನಿನ ಸದ್ದು,
ಮೂರನೆಯದು ದಾಟಿದ್ದು ನನಗೇ ತಿಳಿಯಲಿಲ್ಲ.

ಮದುವೆ ಸೀಜನ್ನಿಗೆ ಒಂಬತ್ತು ದಿನ ತಪ್ಪಿತು,
ರಾತ್ರಿ ಎರಡರವರೆಗೆ ಮಿಷನ್ನು, ಕತ್ತರಿ, ಇಸ್ತ್ರಿ.
ಹಿಂದಿನ ನಾನಾಗಿದ್ದರೆ ಗೀಟೆಲ್ಲ ಒರೆಸಿ
'ಬರುವ ಜನವರಿಗೆ ನೋಡೋಣ' ಅನ್ನುತ್ತಿದ್ದೆ.
ಒಂದು ಕಡೆ ಹೊಲಿಗೆ ತಪ್ಪಿತೆಂದು ಇಡೀ ಕುಪ್ಯ ಬಿಚ್ಚುವವ
ಎಂಥ ಟೈಲರು?
ಹತ್ತನೆಯ ದಿನ ಮತ್ತೆ ಪೋಣಿಸಿದೆ.

ಕಕ್ಕಡದಲ್ಲಿ ಬೆಟ್ಟದ ದಾರಿ ಜಾರತೊಡಗಿತು.
ಅಂಗಡಿಗೆ ಇಪ್ಪತ್ತೆರಡು ಮೆಟ್ಟಿಲು;
ಐದು ಸಲ ಹತ್ತು, ಐದು ಸಲ ಇಳಿ.
ಕೆಳಗೆ ಕೋಳಿ ಅಂಗಡಿಯ ಶಂಸು ಕತ್ತು ಚಾಚಿ ಕೇಳಿದ:
"ಸಾಲಗಾರ ಬಂದಿದ್ದಾನಾ, ಅಣ್ಣ?"

ಸೊಂಟ? ಕೇಳುತ್ತೀರೆಂದು ಗೊತ್ತು. ವರ್ಷಕ್ಕೆ ಒಂದೂವರೆ ಇಂಚು.
ಸಕ್ಕರೆಯೂ ಇಳಿದಿದೆ, ಚೋಂದವ್ವ ಹೊಗಳುವಷ್ಟಲ್ಲ.
ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ನನ್ನ ಹೆಸರೂ ಇದೆ.
ಮೇದಪ್ಪನವರು ಬಂದರು; ಒಳಗಿನ ಎರಡಿಂಚು ಬಿಚ್ಚಿದೆ.
ನಗಲಿಲ್ಲ.

ಇವತ್ತು ಮತ್ತೆ ಒಂದನೇ ತಾರೀಕು. ದಾರಿ ತುಂಬ ಹೊಳೆಯುವ ಬೂಟು.
ಎರಡನೇ ತಿರುವಿನ ಕಲ್ಲಿನ ಮೇಲೆ ಒಬ್ಬ ಹುಡುಗ,
ಬ್ಯಾಂಕಿನವನಿರಬೇಕು, ಮಂಡಿಗೆ ಕೈಯೂರಿ ಏದುತ್ತಿದ್ದ.
"ತುದಿ ಇನ್ನೆಷ್ಟು ದೂರ, ಅಂಕಲ್?"
ಅವನ ಅಂಗಿಯ ಎರಡನೇ ಗುಂಡಿ ಸಡಿಲವಾಗಿತ್ತು,
ಅದನ್ನೇ ಮೊದಲು ಹೇಳಿದೆ.
ಆಮೇಲೆ ಅಂದೆ:
"ತುದಿ ಎಲ್ಲಿಗೂ ಹೋಗುವುದಿಲ್ಲ ಮಗ.
ನಾಳೆ ಬರುತ್ತೀಯಾ?"