ಒಂದು ಸೂಜಿ ಹೆಚ್ಚು

ವಾಲ್ಸೆ ದ್ವೀಪದ ಹಿಂಗೋಣೆಯಲ್ಲಿ
ಹೆಣಿಗೆಯಂತ್ರದ ಗಾಡಿ ಅತ್ತ ಹೋಗಿ ಇತ್ತ ಬರುತ್ತದೆ, ಕರಕರ.
ಓಸ್ಲಾ ನಿಲ್ಲಿಸುತ್ತಾಳೆ. ಐದು ಸೂಜಿ ಮುಂದೆಳೆದು
ಗೇಣುದ್ದ ಕೆಂಪು ನೂಲನ್ನು ಕೈಯಲ್ಲೇ ಹೆಣೆಯುತ್ತಾಳೆ.
ಇರಲಿಕ್ಕೆ ಬಂದದ್ದಲ್ಲ ಅದು,
ಜಾಗ ಹಿಡಿದಿಟ್ಟು ಎದ್ದುಹೋಗುವ ನೆಂಟ.

ಮತ್ತೆ ಗಾಡಿ. ಇಪ್ಪತ್ತು ಸಾಲು.
ಎಣಿಕೆ ತಪ್ಪಿತೋ, ಗುಂಡಿ ಏರಿಗೆ, ಕಾಜ ನೀರಿಗೆ.

ರಾತ್ರಿ ದೀಪದಡಿ ಕೆಂಪೆಳೆ ಕೀಳುತ್ತಾಳೆ.
ಬಾಯ್ಬಿಟ್ಟ ಕುಣಿಕೆಗಳು: ಕೆಳಗೆ ಐದು, ಮೇಲೆ ಆರು.
ಒಂದೂ ಜಾರದಂತೆ
ಉಸಿರು ಕಟ್ಟಿ ಸುತ್ತ ಹೊಲಿಯುತ್ತಾಳೆ.

ಈ ಗುಂಡಿಗೆ ನಾಲ್ಕೇ ಸೂಜಿ ಸಾಕಿತ್ತು.
ಕಂಡವರು ಅಂದಾರು, ಓಸ್ಲಾಗೂ ಅಳತೆ ತಪ್ಪಿತೆಂದು.
ಅನ್ನಲಿ.

ದೋಣಿಯ ವಿಂಚು
ಲೌರಿಯ ಬಲಗೈಯಲ್ಲಿ ಉಳಿಸಿದ್ದು ಎರಡು ಬೆರಳು;
ಗುಂಡಿ ನಾವೇ ಹಾಕುತ್ತೇವೆಂದು
ಹಟ ಹಿಡಿದಿವೆ ಎರಡೂ.