ಮುಂಗಾಲು

ಚೇಜೆಟ್ಟನ್ನು ಹಾಲಿನ ಕ್ರೇಟಿನ ಮೇಲೆ ಕೂರಿಸಿದ್ದೇವೆ.
ಮುಂದಿನ ಚಕ್ರ ಬಿಚ್ಚಿ ಸೌದೆ ಒಟ್ಟಿಲಿಗೆ ಒರಗಿಸಿಯಾಯಿತು.
ಲಾಳ ಕಟ್ಟಿಸಿಕೊಳ್ಳಲು ಬಂದ ಮುದಿ ಕುದುರೆ ಥರ
ನಿಂತಿದೆ, ಎಪ್ಪತ್ನಾಲ್ಕರ ಮಾಡೆಲ್ಲು,
ಟ್ಯಾಂಕಿನ ಕೆಂಪು ನನ್ನ ತೊಡೆ ಉಜ್ಜಿದಲ್ಲೆಲ್ಲ ಸುಲಿದು.

ಮೂರು ವರ್ಷದಿಂದ ಇಲ್ಮಾರ್ಸನದು ಒಂದೇ ರಾಗ:
"ಈ ಕಡ್ಡಿಕಾಲು ಬದಲಿಸು ಮಾರಾಯ.
ಮೂವತ್ತೈದು ಮಿಲಿಮೀಟರಿನ ಕೊಳವೆ, ಬಳುಕುತ್ತದೆ.
ನೀನು ಎಡಕ್ಕೆ ಅಂದರೆ ಅದು ಕೂತು ಯೋಚನೆ ಮಾಡುತ್ತದೆ."
ಹುಟ್ಟಿದ ಹಾಗೇ ಇರಲಿ ಎಂದಿದ್ದೆ.
ಆಮೇಲೆ ಮಣಿಕಟ್ಟು ಬಾಯಿಬಿಟ್ಟಿತು. ವಾಲ್ಮಿಯೆರದ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಕೇಳಿದಳು,
"ಯಾವ ಕಾರ್ಖಾನೆಯಲ್ಲಿ ಸುತ್ತಿಗೆ ಬೀಸುತ್ತಿದ್ದಿರಿ?"
ಸುತ್ತಿಗೆಯಲ್ಲ ಡಾಕ್ಟರೇ, ಬೇರು.
ಗೌಯಾ ದಂಡೆಯ ಪೈನ್ ಮರದ ಬೇರು, ನಲವತ್ತೆಂಟು ವರ್ಷ.

ಬಂದಿವೆ ಹೊಸ ಕಾಲು. ಹೊಸವೇನಲ್ಲ,
ಲಿಥುವೇನಿಯಾದ ಗುಜರಿಯಲ್ಲಿ ಸತ್ತ ಜಪಾನಿ ಬೈಕು
ಬಿಟ್ಟುಹೋದ ಆಸ್ತಿ. ನಲವತ್ಮೂರರ ಕೊಳವೆ.
ಪಕ್ಕದಲ್ಲಿಟ್ಟರೆ ನಮ್ಮವು ಕೊಕ್ಕರೆಯವು.
ಕತ್ತಿನ ದಂಡ ಮಾತ್ರ ಗಿಡ್ಡ. ಹಳೆಯದನ್ನೇ
ಪ್ರೆಸ್ಸಿಗೆ ಕೊಟ್ಟು ಒತ್ತಿ ತೆಗೆದು, ಲೇತಿನ ಮೇಲೆ
ಅರ್ಧ ಕೂದಲಿನಷ್ಟು ಕೆರೆದು
ಹೊಸ ಹೆಗಲಿಗೆ ಹಳೇ ಕತ್ತು ಕೂರಿಸಿದ ಇಲ್ಮಾರ್ಸ್,
ಉಸಿರು ಹಿಡಿದು, ಬಾಯಲ್ಲಿ ಆರಿದ ಸಿಗರೇಟು.

ಅಷ್ಟರಲ್ಲಿ ನಾನು ಹಳೆಯದರ ಎಣ್ಣೆ ಬಸಿಯೋಣವೆಂದು
ಮುಚ್ಚಳ ತಿರುಚಿ, ಬೋಗುಣಿಯ ಮೇಲೆ ತಲೆಕೆಳಗು ಮಾಡಿದೆ.
ಕೊಳೆತ ಮೀನಿನ ವಾಸನೆ. ಬೂದುಬಣ್ಣದ ಗಂಜಿ.
ಸ್ಪ್ರಿಂಗು ಜಾರಿತು, ಅದರ ಹಿಂದೆ
ಟಣ್.
ಇನ್ನೊಂದು, ಮತ್ತೊಂದು.
ಐದು ಕೊಪೆಕ್ಕಿನ ನಾಣ್ಯ, ಎಡಗಾಲಿನಿಂದ ಐದು,
ಬಲಗಾಲಿನಿಂದ ಐದು. ಸುತ್ತಿಗೆ-ಕುಡುಗೋಲಿನ ಮೇಲೆಲ್ಲ
ಸ್ಪ್ರಿಂಗಿನ ಅಂಚು ಕೊರೆದ ಬಳೆಗುರುತು.
ಐವತ್ತು ಕೊಪೆಕ್! ನಾನು ಹಾಕಿದ್ದಲ್ಲ.
ನಾನು ಓಡಿಸಿದವನು. ಎಣ್ಣೆ ಬದಲಿಸಿದ್ದು ಯಾವತ್ತೂ
ಕೊಲ್ಖೋಜಿನ ವರ್ಕ್‌ಶಾಪಿನಲ್ಲಿದ್ದ ಬಿರೂಟ.

ಬಾಗಿಲಲ್ಲಿ ಕೂತು ಅಣಬೆ ಬಿಡಿಸುತ್ತಿದ್ದಾಳೆ ಈಗಲೂ.
"ಎಂಬತ್ತೊಂದು," ಅಂದಳು, ತಲೆ ಎತ್ತಲಿಲ್ಲ.
"ಆ ಚಳಿಗಾಲ ಏಳು ಕೆಜಿ ಏರಿದ್ದೆ ನೀನು.
ಬ್ರೇಕು ಹಿಡಿದರೆ ಮೂತಿ ಮಣ್ಣು ಮೂಸುತ್ತಿತ್ತು.
ಗಟ್ಟಿ ಸ್ಪ್ರಿಂಗು ಎಲ್ಲಿಂದ ತರಲಿ? ನಾಣ್ಯ ಇದ್ದವು."
"ಹೇಳಬಾರದಿತ್ತೆ?"
"ಹೇಳಿದ್ದರೆ ಊಟ ಬಿಡುತ್ತಿದ್ದೆ.
ಇಲ್ಲಾ, ನನ್ನ ಜತೆ ಮಾತು."

ಎಂಬತ್ತೊಂದು. ಆ ವರ್ಷವೇ ಅಲ್ಲವೆ
ಮರಳುಗುಡ್ಡದ ರೇಸಿನಲ್ಲಿ ಮೂರನೆಯವನಾಗಿ ಬಂದದ್ದು?
ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೆ ಆ ಕತೆ,
ಇಳಿಜಾರಿನಲ್ಲಿ ಮೈ ಹಿಂದಕ್ಕೆ ಚೆಲ್ಲಬೇಕು,
ಮೂತಿ ತಾನೇ ಏಳುತ್ತದೆ, ಅದು ಕಲಿಸಿದರೆ ಬರುವುದಲ್ಲ ಅಂತ,
ಕುರ್ಚಿಯ ಮೇಲೆ ಕೂತು, ಅಭಿನಯಿಸಿ.
ಅವಳು ಪಕ್ಕದಲ್ಲೇ ಸೂಪು ಕುಡಿಯುತ್ತಿದ್ದಳು.
ಎಲ್ಲ ಮದುವೆಗಳಲ್ಲೂ.

ಇಲ್ಮಾರ್ಸನಿಗೆ ತಟ್ಟನೆ ವಾಷರೊಂದು ಬೇಕಾಯಿತು,
ಶೆಡ್ಡಿನ ಆ ಮೂಲೆಯಲ್ಲಿ, ಬಹಳ ಹೊತ್ತು.

ರಾತ್ರಿ ಒಂಬತ್ತಕ್ಕೂ ಬೆಳಕಿತ್ತು. ಕಾಡಿಗೆ ಒಯ್ದೆ.
ತಿರುವಿನಾಚೆಯ ಆ ಬೇರು, ನನಗೆ ಅದು ಗೊತ್ತು,
ಅದಕ್ಕೆ ನಾನು ಗೊತ್ತು. ಹಲ್ಲು ಕಚ್ಚಿಕೊಂಡೆ.
ಬಂತು.
ಹೋಯಿತು.
ಮಣಿಕಟ್ಟಿಗೆ ಸುದ್ದಿಯೇ ಮುಟ್ಟಲಿಲ್ಲ.
ನಿಲ್ಲಿಸಿ ತಿರುಗಿ ನೋಡಿದೆ, ಅಲ್ಲೇ ಇತ್ತು,
ಯಾರೋ ಮಾತಾಡಿಸದೆ ದಾಟಿಹೋದ ಹಳೇ ಪರಿಚಯದವನ ಹಾಗೆ.
ವಾಪಸು ಹೋಗಿ ಇನ್ನೊಮ್ಮೆ ಹತ್ತಿಸಿದೆ, ಬೇಕೆಂದೇ.

"ಹೇಗಿದೆ?" ಕೇಳಿದಳು.
"ಮೂತಿ ಸ್ವಲ್ಪ ಮೆದು."
ಇದಕ್ಕೆ ನಾಣ್ಯ ಬೇಡ, ಮುಚ್ಚಳದ ಮೇಲೇ ತಿರುಪಿದೆ.
"ಎರಡು ಸುತ್ತು ಸಾಕು," ಅಂದ ಇಲ್ಮಾರ್ಸ್.
ಅಣಬೆಯ ಚಾಕು ಲಂಗಕ್ಕೆ ಒರೆಸಿ ಕೆಳಗಿಟ್ಟು
ಸ್ಪ್ಯಾನರು ಎತ್ತಿಕೊಂಡಳು ಬಿರೂಟ.
ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ
ಮೂರು ತಿರುಗಿಸಿದಳು.