ಹನ್ನೆರಡನೆಯ ಬಿಲ್ಲೆ

ವೈಸ್ ಸ್ಟ್ರೀಟಿನ ಹಿಂದುಗಡೆ, ಎರಡನೆಯ ಮಹಡಿ.
ಬರ್ಮಿಂಗ್‌ಹ್ಯಾಮಿನ ಬೆಳಕು ಒಂದೇ ಕಿಟಕಿಯಿಂದ ಒಳಗೆ,
ಅದೂ ಹನ್ನೊಂದರ ಮೇಲೆ.
ತಾಮ್ರದ ಬಿಲ್ಲೆಯ ಗುಳಿಗಳಲ್ಲಿ
ಗಾಜಿನ ಪುಡಿ ತುಂಬುವುದು ನನ್ನ ಕೆಲಸ,
ಬಾತಿನ ಗರಿಯ ಮೊನೆಯಿಂದ, ಒದ್ದೆಯಾಗಿ,
ರಂಗೋಲಿಗಿಂತ ನಿಧಾನ.
ಆಮೇಲೆ ಕುಲುಮೆ, ಎರಡು ನಿಮಿಷ.
ಬೌಲಿಂಗ್ ಕ್ಲಬ್ಬು, ದಾದಿಯರ ಸಂಘ, ಶಾಲೆಯ ಮಾನಿಟರು,
ಎಷ್ಟೋ ಜನರ ಎದೆಯ ಮೇಲೆ ನಾನು ಅರೆದ ಬಣ್ಣ.

ಮಾರ್ಚಿನಲ್ಲಿ ಬಂದವಳು ಜಿನೈದಾ ಪ್ಲಾತೊನೋವ್ನಾ.
ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಚಿತ್ರಗಳು,
ವೋಲ್ಗಾ ದಂಡೆಯ ಒಂದು ಸೀಮೆಯ ಊರುಗಳ ಲಾಂಛನ.
ಹನ್ನೆರಡು ಬೇಕು, ಅಂದಳು, ಒಂದೊಂದೇ.
ಯಜಮಾನ ಪ್ರಾಥೆರೋ ತಲೆ ಕೆರೆದುಕೊಂಡ,
ಒಂದೊಂದಕ್ಕೂ ಬೇರೆ ಅಚ್ಚು ಕೊರೆಯಬೇಕಲ್ಲ.
ಆಕೆ ನೋಟು ಎಣಿಸಿಟ್ಟಳು, ಇಸ್ತ್ರಿ ಮಾಡಿದಂಥವು.

ಎರಡು ತಲೆಯ ಹದ್ದು ಇಲ್ಲವೆ? ಕೇಳಿದೆ.
ಅದು ಸರ್ಕಾರದ್ದು, ಊರಿನದಲ್ಲ.
ನನಗೂ ಗೊತ್ತಿತ್ತು.
ನಮ್ಮ ಮನೆಗೆ ಬಂದ ಮುಳುಗಡೆ ನೋಟೀಸಿನ ನೆತ್ತಿಯಲ್ಲಿ
ಗಂಡಭೇರುಂಡ ಕೂತಿತ್ತು,
ಆ ಕಡೆ ಈ ಕಡೆ ನೋಡುತ್ತ,
ನಮ್ಮ ಕಡೆ ಮಾತ್ರ ನೋಡದೆ.

ಯಾರೊಸ್ಲಾವ್ಲಿಗೆ ಹೆಗಲ ಮೇಲೆ ಕೊಡಲಿ ಹೊತ್ತ ಕರಡಿ,
ಬೆಳಿಗ್ಗೆಯೇ ಕೂಲಿಗೆ ಹೊರಟ ಹಾಗೆ.
ರೋಸ್ತೋವಿಗೆ ಕುಂಕುಮದ ಮೇಲೆ ಬೆಳ್ಳಿ ಜಿಂಕೆ, ಕೊಂಬು ಬಂಗಾರ;
ಸೀತೆ ಕಂಡಿದ್ದರೆ ಇದನ್ನೂ ಕೇಳುತ್ತಿದ್ದಳು.
ಪೆರೆಸ್ಲಾವ್ಲಿಗೆ ಚಂದ್ರಕಾಳಿ ಸೀರೆಯಂಥ ಕಪ್ಪಿನಲ್ಲಿ ಎರಡು ಹೊನ್ನಮೀನು.
ಉಗ್ಲಿಚ್‌ಗೆ ಚೂರಿ ಹಿಡಿದ ಎಳೆಯ ರಾಜಕುಮಾರ.
ಅವನ ಕತೆ ಬೇಡ, ಅಂದಳು, ಊಟದ ಹೊತ್ತು.
ಮಿಷ್ಕಿನ್ನಿಗೆ ಇಲಿ.
ಮಲಗಿದ್ದ ಅರಸನ ಮುಖದ ಮೇಲೆ ಓಡಿ ಎಬ್ಬಿಸಿತಂತೆ,
ಹಾವು ಪಕ್ಕದಲ್ಲೇ ಇತ್ತಂತೆ.
ನಾನು ಗಣಪನ ಸವಾರಿ ಹೇಳಿದೆ.
ಆಕೆಗೆ ಇಲಿಯದೇ ಚಿಂತೆ: ಅಷ್ಟು ಭಾರವೆ, ಪಾಪ?

ಕಡೆಯದು ಮೊಲೊಗಾ.
ಮೂಲೆಯಲ್ಲಿ ಅದೇ ಕರಡಿ,
ಮಿಕ್ಕಿದ್ದೆಲ್ಲ ನೀಲಿ, ನೀಲಿಯೊಳಗೆ
ಮಣ್ಣಿನ ಒಡ್ಡು, ಬಿಳಿಕಲ್ಲಿನ ಅಂಚು.
ಒಡ್ಡು ಅಂದರೇನೆಂದು ನನಗೆ ಯಾರೂ ಹೇಳಬೇಕಿಲ್ಲ.
ಈ ಊರು ಈಗಿಲ್ಲ, ಅಂದಳು. ಅಣೆಕಟ್ಟು ಕಟ್ಟಿದರು.
ಮನೆಯ ದಿಮ್ಮಿಗಳಿಗೆ ನಂಬರು ಬರೆದು, ತೆಪ್ಪ ಹೆಣೆದು,
ಅಪ್ಪ ಮನೆಯನ್ನೇ ಹೊಳೆಯಲ್ಲಿ ತೇಲಿಬಿಟ್ಟ.
ನಾನು ಅದರ ಮೇಲೆ ಕೂತಿದ್ದೆ.

ಬಾಗಲಕೋಟೆಯಲ್ಲಿ ನಾವು ಚೌಕಟ್ಟು ಕಿತ್ತು ಲಾರಿಗೆ ಹೇರಿದ್ದೆವು.
ಹೇಳಲಿಲ್ಲ.
ಪಿನ್ನು ಹಿಂದೆ ಅಡ್ಡ ಇರಬೇಕೋ ಉದ್ದವೋ ಕೇಳಿದೆ.

ನಾಲ್ಕು ದಿನ ಆ ನೀಲಿಯನ್ನೇ ಅರೆದೆ.
ಕಿಲ್ಲಾದ ನಮ್ಮ ಮೆಟ್ಟಿಲಲ್ಲಿ ಮೂರನೆಯದರವರೆಗೆ ಬಂದು
ಸಂಜೆ ಸುಮ್ಮನೆ ನಿಂತಿದ್ದ ಹಿನ್ನೀರಿನ ಬಣ್ಣ.
ಮೂರು ಪದರ, ಮೂರು ಸಲ ಬೆಂಕಿ.
ಪ್ರಾಥೆರೋ ಭೇಷ್ ಅಂದ, ಅಪರೂಪಕ್ಕೆ.

ಆಕೆ ಬಿಲ್ಲೆಯನ್ನು ಕಿಟಕಿಗೆ ಹಿಡಿದಳು.
ಇದಲ್ಲ.
ಇದನ್ನು ಬರೆದ ಕಾಲಕ್ಕೆ ಎಲ್ಲಿತ್ತು ಅಷ್ಟು ನೀರು?
ಹುಡುಗಿ, ಇದು ಆಕಾಶ.

ಮತ್ತೆ ತಾಮ್ರ, ಮತ್ತೆ ಗರಿ.
ಬಿಳಿಜೋಳ ತೆನೆಕಟ್ಟಿದಾಗ ಹೊಲದ ಮೇಲಿರುವಂಥದು,
ಒಂದೇ ತೆಳು ಪದರ, ಅಡಿಯ ಲೋಹ ಮಿನುಗುವ ಹಾಗೆ.
ಆಗ ಆ ಒಡ್ಡು ಒಡ್ಡಾಗಿ ಉಳಿಯಲಿಲ್ಲ,
ಒಳಗೆ ಜನ ಇರುವ ಕೋಟೆಯಾಯಿತು.
ಹನ್ನೊಂದು ಊರು ಡಬ್ಬಿಗೆ ಹೋದವು.
ಇದನ್ನು ಕೋಟಿಗೆ ಚುಚ್ಚಿಕೊಂಡು
ಕೊಡೆ ಬಿಚ್ಚದೆ ಬಸ್ಸಿಗೆ ನಡೆದಳು.

ಕೆಟ್ಟ ಬಿಲ್ಲೆ ನನ್ನ ಏಪ್ರನ್ನಿನ ಮೇಲಿದೆ.
ಪಾಲಿಷ್ ಮಾಡುವ ಡೆನೀಸ್ ಕಣ್ಣು ಕಿರಿದು ಮಾಡಿ ಕೇಳಿದಳು:
ಯಾವ ಫುಟ್‌ಬಾಲ್ ಕ್ಲಬ್ಬೇ ಅದು, ನೋಡೇ ಇಲ್ಲವಲ್ಲ?
ಈಗ ಆಡುವುದಿಲ್ಲ, ಅಂದೆ.
ಮೈದಾನದಲ್ಲಿ ನೀರು ನಿಂತಿದೆ.